ತಟ್ಟೆಗೆ ಮೊಟ್ಟೆ ಬಂತು, ತಲೆ ಮೇಲೆ ಸೂರು ಯಾಕೆ ಬರಲಿಲ್ಲ?

ನಮ್ಮ ಸರ್ಕಾರಿ ಶಾಲೆಯ ಮಗುವಿನ ತಟ್ಟೆಗೆ ಬೀಳುವ ಒಂದು ಬೇಯಿಸಿದ ಮೊಟ್ಟೆಗೆ ಲೆಕ್ಕದಲ್ಲಿ ಇಟ್ಟಿದ್ದು ಆರು ರೂಪಾಯಿ. ಇಷ್ಟರಲ್ಲೇ ಮೊಟ್ಟೆ ಕೊಳ್ಳಬೇಕು, ಬೇಯಿಸುವ ಗ್ಯಾಸ್ ಖರ್ಚು ನೋಡಿಕೊಳ್ಳಬೇಕು, ಸಿಪ್ಪೆ ಸುಲಿಯುವ ಅಡುಗೆಯವರಿಗೂ ಒಂದಿಷ್ಟು ಪೈಸೆ ಕೊಡಬೇಕು. ವಾರಕ್ಕೆ ಆರು ದಿನ ಮೊಟ್ಟೆ. ಎರಡು ದಿನದ್ದು ಸರ್ಕಾರದ ದುಡ್ಡು, ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. 2024ರ ಜುಲೈನಲ್ಲಿ ಒಪ್ಪಂದ ಆಯಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸುಮಾರು 55 ಲಕ್ಷ ಮಕ್ಕಳು ಈ ಲೆಕ್ಕದಲ್ಲಿದ್ದಾರೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು; ಮೊದಮೊದಲು ಶೇಂಗಾ ಚಿಕ್ಕಿಯೂ ಇತ್ತು.

ಇದೇ ರಾಜ್ಯ, ಇದೇ ಸರ್ಕಾರ, ಇಂಥವೇ ಸಂಸ್ಥೆಗಳು. ಆದರೆ ಮನೆಯಿಲ್ಲದವರಿಗೆ ರಾತ್ರಿ ಮಲಗಲು ಜಾಗ ಮಾಡಿಕೊಡಲು ಹೊರಟಾಗ ಮಾತ್ರ ಕೆಲಸ ಕುಂಟುತ್ತದೆ. ಮೆಜೆಸ್ಟಿಕ್, ಕಲಾಸಿಪಾಳ್ಯ, ಕೆ.ಆರ್. ಮಾರ್ಕೆಟ್ ಕಡೆ ರಾತ್ರಿ ಹತ್ತರ ಮೇಲೆ ಹೋಗಿ ನೋಡಿ. ಮುಚ್ಚಿದ ಅಂಗಡಿಗಳ ಮುಂದೆ ಮಲಗಿದವರು ಎಷ್ಟು ಜನ ಅನ್ನುವುದು ಕಣ್ಣಿಗೇ ಕಾಣುತ್ತದೆ. ಸಹಭಾಗಿತ್ವ ಅನ್ನುವುದು ಒಂದು ಕಡೆ ಇಷ್ಟು ಚೆನ್ನಾಗಿ ನಡೆದು ಇನ್ನೊಂದು ಕಡೆ ಯಾಕೆ ನಿಂತುಹೋಗುತ್ತದೆ? 'ಇಚ್ಛಾಶಕ್ತಿ ಇಲ್ಲ' ಅನ್ನುವ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅದು ಸುಳ್ಳಲ್ಲ, ಆದರೆ ಅಷ್ಟರಲ್ಲಿ ಏನೂ ಅರ್ಥ ಆಗುವುದಿಲ್ಲ. ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ. ಶಾಲೆಯ ಬಿಸಿಯೂಟ ಮತ್ತು ಮನೆಯಿಲ್ಲದವರ ರಾತ್ರಿ ತಂಗುದಾಣ ಎರಡಕ್ಕೂ ಬಲ ಬಂದಿದ್ದು ಒಂದೇ ಕೇಸಿನಿಂದ. 2001ರಲ್ಲಿ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜಸ್ಥಾನದಲ್ಲಿ ಬರ, ಜನ ಹಸಿದಿದ್ದಾರೆ, ಸರ್ಕಾರದ ಗೋದಾಮುಗಳಲ್ಲಿ ಮಾತ್ರ ಧಾನ್ಯ ತುಂಬಿ ತುಳುಕುತ್ತಿದೆ, ಇದು ಹೇಗೆ ಸರಿ ಅನ್ನುವುದು ಅವರ ಪ್ರಶ್ನೆ. ಅದೇ ವರ್ಷ ನವೆಂಬರ್ 28ರಂದು ಕೋರ್ಟು ಆದೇಶ ಕೊಟ್ಟಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ, ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಹಲವು ರಾಜ್ಯಗಳು ಅಲ್ಲಿಯವರೆಗೆ ಒಣ ಧಾನ್ಯ ಹಂಚಿ ಕೈತೊಳೆದುಕೊಳ್ಳುತ್ತಿದ್ದವು.

ಅದೇ ಕೇಸಿನಲ್ಲಿ 2010ರ ಜನವರಿಯಲ್ಲಿ ಇನ್ನೊಂದು ಆದೇಶ ಬಂತು. ದೆಹಲಿಯಲ್ಲಿ ಕೊರೆಯುವ ಚಳಿಯ ನಡುವೆ ಪೂಸಾ ರಸ್ತೆಯ ರಾತ್ರಿ ತಂಗುದಾಣವನ್ನು ಕೆಡವಿದ್ದರು. ಕೋರ್ಟು ನೇಮಿಸಿದ್ದ ಆಯುಕ್ತರು ಈ ಬಗ್ಗೆ ಪತ್ರ ಬರೆದರು. ಆಮೇಲೆ ಕೋರ್ಟು ಎಲ್ಲ ದೊಡ್ಡ ನಗರಗಳಿಗೂ ಹೇಳಿತು: ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ತಂಗುದಾಣ ಇರಬೇಕು, ವರ್ಷಪೂರ್ತಿ, 24 ಗಂಟೆ ತೆರೆದಿರಬೇಕು.

ಹೀಗೆ ಎರಡಕ್ಕೂ ಕೋರ್ಟಿನ ಮುದ್ರೆ ಬಿತ್ತು. ಒಂದು ಓಡಿತು, ಇನ್ನೊಂದು ತೆವಳುತ್ತಿದೆ.

ನನ್ನ ಪ್ರಕಾರ ಕಾರಣ ಇದು. ನಾಲ್ಕಾರು ಕಡೆಯವರು ಸೇರಿ ಮಾಡುವ ಕೆಲಸ ಗಟ್ಟಿಯಾಗಿ ಉಳಿಯಬೇಕಾದರೆ ಎರಡು ಬೇಕು: ಒಂದು ಜಾಗ, ಒಂದು ಹಾಜರಿ ಪುಸ್ತಕ. ಶಾಲೆಯಲ್ಲಿ ಎರಡೂ ಇವೆ. ಬೆಳಿಗ್ಗೆ ಹಾಜರಿ ಕರೆದ ಮೇಲೆ ಇವತ್ತು ಎಷ್ಟು ಮೊಟ್ಟೆ ಬೇಯಬೇಕು ಅನ್ನುವುದು ಗೊತ್ತಾಗುತ್ತದೆ. ದುಡ್ಡು ಕೊಡುವವನಿಗೆ ಲೆಕ್ಕ ಸಿಗುತ್ತದೆ, ಅಡುಗೆಯವರಿಗೆ ಅಳತೆ ಸಿಗುತ್ತದೆ, ತಪ್ಪಾದರೆ ಯಾರನ್ನು ಕೇಳಬೇಕು ಅನ್ನುವುದೂ ಗೊತ್ತು. ಬೀದಿಯಲ್ಲಿ ಮಲಗುವವನಿಗೆ ಜಾಗವೂ ಇಲ್ಲ, ಅವನ ಹೆಸರಿರುವ ಪುಸ್ತಕವೂ ಇಲ್ಲ.

ಬಿಸಿಯೂಟದಲ್ಲಿ ಕೈಗಳು ಎಷ್ಟಿವೆ ನೋಡಿ. ಅಕ್ಕಿ, ಗೋಧಿ ಬರುವುದು ಕೇಂದ್ರದಿಂದ: ಪ್ರಾಥಮಿಕ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ. ಬೇಳೆ, ಎಣ್ಣೆ, ತರಕಾರಿ, ಗ್ಯಾಸಿನ ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಹಾಲು ಕೆಎಂಎಫ್‌ನಿಂದ. ಅಡುಗೆ ಮಾಡುವವರು ಊರಿನ ಹೆಂಗಸರು. ಸ್ಟಾಕ್ ಪುಸ್ತಕ ಬರೆಯುವುದು ಹೆಡ್ ಮಾಸ್ಟರು. ಮೇಲೆ ಕಣ್ಣಿಡಬೇಕಾದದ್ದು ಎಸ್‌ಡಿಎಂಸಿ, ಅಂದರೆ ಅದೇ ಶಾಲೆಯ ಮಕ್ಕಳ ಅಪ್ಪ-ಅಮ್ಮಂದಿರ ಸಮಿತಿ. 2002-03ರಲ್ಲಿ ಅಕ್ಷರ ದಾಸೋಹ ಅನ್ನುವ ಹೆಸರಿನಲ್ಲಿ ಮೊದಲು ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಅದಕ್ಕೂ ಮೊದಲೇ, 2000ದಲ್ಲಿ, ಬೆಂಗಳೂರಿನ ಇಸ್ಕಾನ್‌ನವರು ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕಳಿಸಲು ಶುರುಮಾಡಿದ್ದರು. ಅದೇ ಇವತ್ತಿನ ಅಕ್ಷಯ ಪಾತ್ರ. ಅಲ್ಲಿ ಸರ್ಕಾರ ಧಾನ್ಯ ಮತ್ತು ತನ್ನ ಪಾಲಿನ ದುಡ್ಡು ಕೊಡುತ್ತದೆ, ಕಡಿಮೆ ಬಿದ್ದದ್ದನ್ನು ಸಂಸ್ಥೆ ದಾನಿಗಳಿಂದ ತುಂಬಿಕೊಳ್ಳುತ್ತದೆ, ದೊಡ್ಡ ಅಡುಗೆಮನೆಯಲ್ಲಿ ಬೇಯಿಸಿ ವ್ಯಾನಿನಲ್ಲಿ ಶಾಲೆಗಳಿಗೆ ಕಳಿಸುತ್ತದೆ.

ಎಲ್ಲರೂ ಪುಣ್ಯಕ್ಕೆ ಬಂದವರೇ ಅಂತ ಅಂದುಕೊಳ್ಳಬೇಡಿ. ಹಾಲಿನ ಕಥೆ ಕೇಳಿ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಶುರುವಾಯಿತು, ಮಗುವಿಗೆ 150 ಮಿಲಿ ಬಿಸಿ ಹಾಲು. ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ಆಗ ಕೆಎಂಎಫ್ ಹತ್ತಿರ ಹಾಲು ಜಾಸ್ತಿಯಾಗಿ ಏನು ಮಾಡುವುದು ಅನ್ನುವ ಸ್ಥಿತಿ ಇತ್ತು. ರೈತರಿಂದ ಹಾಲು ಬೇಡ ಅನ್ನುವ ಹಾಗಿಲ್ಲ, ಮಾರುಕಟ್ಟೆಯಲ್ಲಿ ಅಷ್ಟು ಹೋಗುತ್ತಿಲ್ಲ. ಹಾಲನ್ನು ಪುಡಿ ಮಾಡಿ ಶಾಲೆಗೆ ಕಳಿಸಿದರೆ ಮಗುವಿಗೆ ಪೌಷ್ಟಿಕಾಂಶ, ಡೈರಿಗೆ ಖಾಯಂ ಗಿರಾಕಿ, ಹಸು ಕಟ್ಟಿದವನಿಗೆ ದುಡ್ಡು. ಇದನ್ನು ಸ್ವಾರ್ಥ ಅನ್ನುವವರು ಅನ್ನಲಿ. ನನಗೆ ಇದೇ ಗಟ್ಟಿ ಸಹಭಾಗಿತ್ವ ಅನ್ನಿಸುತ್ತದೆ. ಎಲ್ಲರಿಗೂ ಅದರಲ್ಲಿ ಏನೋ ಒಂದು ಸಿಗುತ್ತಿದ್ದರೆ ಸರ್ಕಾರ ಬದಲಾದರೂ ಕೆಲಸ ನಿಲ್ಲುವುದಿಲ್ಲ. ಕ್ಷೀರಭಾಗ್ಯ ಎಷ್ಟು ಮುಖ್ಯಮಂತ್ರಿಗಳನ್ನು ನೋಡಿತು, ಲೆಕ್ಕ ಹಾಕಿ. 2024ರ ಫೆಬ್ರವರಿಯಿಂದ ಅದೇ ಹಾಲಿಗೆ ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್ ಸೇರಿಕೊಂಡಿದೆ. ಅದರಲ್ಲಿ ಸರ್ಕಾರದ ಜೊತೆಗಿರುವುದು ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್.

ಆದರೆ ಜೊತೆಗೆ ಬಂದವರು ತಮ್ಮ ನಂಬಿಕೆಗಳನ್ನೂ ಜೊತೆಗೇ ತರುತ್ತಾರೆ, ಅಲ್ವಾ? ಅಕ್ಷಯ ಪಾತ್ರದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹಾಕುವುದಿಲ್ಲ. ಮಕ್ಕಳಿಗೆ ಸಾಂಬಾರು ರುಚಿಸುತ್ತಿಲ್ಲ, ತಿನ್ನುವುದು ಕಡಿಮೆಯಾಗುತ್ತಿದೆ ಅಂತ ಆಹಾರ ಹಕ್ಕಿನ ಹೋರಾಟಗಾರರು 2018-19ರ ಸುಮಾರಿಗೆ ದೊಡ್ಡ ಜಗಳವನ್ನೇ ತೆಗೆದಿದ್ದರು. ಮೊಟ್ಟೆಯಂತೂ ಆ ಅಡುಗೆಮನೆಗೆ ಬರುವ ಮಾತೇ ಇಲ್ಲ, ಅದಕ್ಕೆ ಬೇರೆ ಏರ್ಪಾಡು ಆಗಬೇಕು. ಕೊಡುವವನ ನಂಬಿಕೆ ತಿನ್ನುವವನ ತಟ್ಟೆಯನ್ನು ತೀರ್ಮಾನಿಸಬೇಕೇ? ಸರ್ಕಾರದ ಅಕ್ಕಿ, ಸರ್ಕಾರದ ಶಾಲೆ ಇದ್ದಾಗ ತೀರ್ಮಾನವೂ ಸರ್ಕಾರದ್ದೇ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ದಾನಕ್ಕೆ ಕೈ ಮುಗಿಯೋಣ, ಮೆನು ಮಾತ್ರ ಮಕ್ಕಳ ದೇಹಕ್ಕೆ ಏನು ಬೇಕೋ ಅದನ್ನು ನೋಡಿ ಆಗಲಿ.

ಮೊಟ್ಟೆಯ ಜಗಳ ಇನ್ನೂ ಜೋರಾಗಿ ನಡೆದದ್ದು 2021ರ ಡಿಸೆಂಬರ್‌ನಲ್ಲಿ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ, ನಮಗೆ ಮೊಟ್ಟೆ ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ ವಿಡಿಯೋ ಊರೆಲ್ಲ ಓಡಾಡಿತು. ಆಮೇಲೆ ಯಾದಗಿರಿಯ ಮೊಟ್ಟೆ ತಿಂದ ಮಕ್ಕಳನ್ನು ಗದಗದ ಮೊಟ್ಟೆ ಸಿಗದ ಮಕ್ಕಳ ಜೊತೆ ಹೋಲಿಸಿ ಒಂದು ಅಧ್ಯಯನ ಆಯಿತು. ತೂಕದಲ್ಲಿ ಯಾದಗಿರಿಯ ಮಕ್ಕಳು ಚೆನ್ನಾಗಿ ಮುಂದೆ ಬಂದಿದ್ದರು. ಇಲ್ಲೂ ನೋಡಿ, ತೂಕ ಹಾಕಲು ಮಕ್ಕಳು ಒಂದೇ ಕಡೆ ಸಿಕ್ಕಿದರು. ಅಳೆದದ್ದರಿಂದಲೇ ವಾದ ಗೆದ್ದದ್ದು, ವಾದ ಗೆದ್ದದ್ದರಿಂದಲೇ ಮುಂದೆ ದುಡ್ಡು ಬಂದದ್ದು.

ಭಾರ ಹೊರುವವರು ಯಾರು ಅನ್ನುವುದನ್ನು ಮಾತ್ರ ಈ ಸಂಭ್ರಮದಲ್ಲಿ ಮರೆಯುತ್ತೇವೆ. ರಾಜ್ಯದಲ್ಲಿ ಲಕ್ಷಕ್ಕೂ ಹೆಚ್ಚು ಹೆಂಗಸರು ಬಿಸಿಯೂಟ ಬೇಯಿಸುತ್ತಾರೆ. ಅವರಿಗೆ ಸಿಗುವುದು ಸಂಬಳ ಅಲ್ಲ, 'ಗೌರವಧನ', ತಿಂಗಳಿಗೆ ಐದು ಸಾವಿರವನ್ನೂ ಮುಟ್ಟದ್ದು. ವರ್ಷಾ ವರ್ಷ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂತು ಕೂಗಿ ಹೋಗುತ್ತಾರೆ. ಇನ್ನು ಹೆಡ್ ಮಾಸ್ಟರ ಪಾಡು. ಚಳಿಗಾಲದಲ್ಲಿ ಮೊಟ್ಟೆ ದರ ಏರಿದಾಗ ಅಂಗಡಿಯಲ್ಲೇ ಒಂದಕ್ಕೆ ಆರು ರೂಪಾಯಿ ದಾಟುತ್ತದೆ. ಮೇಲಿನ ದುಡ್ಡು ಎಲ್ಲಿಂದ? ಕೆಲವರು ಕೈಯಿಂದ ಹಾಕುತ್ತಾರೆ, ಕೆಲವರು ಬಾಳೆಹಣ್ಣಿನ ಕಡೆ ವಾಲುತ್ತಾರೆ. ದೊಡ್ಡ ಒಪ್ಪಂದಕ್ಕೆ ವಿಧಾನಸೌಧದಲ್ಲಿ ಸಹಿ ಬೀಳುತ್ತದೆ, ಅದರ ಚಿಲ್ಲರೆ ಕೊರತೆ ಮಾತ್ರ ಹಳ್ಳಿ ಶಾಲೆಯ ಮೇಷ್ಟ್ರ ಜೇಬಿಗೆ ಬೀಳುತ್ತದೆ. ಒಪ್ಪಂದದ ಮೂರು ವರ್ಷ ಮುಗಿಯುವುದು 2027ರಲ್ಲಿ. ಆ ನಾಲ್ಕು ದಿನದ ಮೊಟ್ಟೆಯನ್ನು ಆಮೇಲೆ ಯಾರು ಹೊರುತ್ತಾರೆ ಅನ್ನುವ ಮಾತು ಈಗಲೇ ಏಳಬೇಕು.

ಓದುವ ಮಕ್ಕಳಿಗೆ ಹೊರಗಿನವರು ಊಟ ಹಾಕುವುದು ನಮಗೆ ಹೊಸದೇನೂ ಅಲ್ಲ. ಓದಲು ಊರು ಬಿಟ್ಟು ಬಂದ ಬಡ ಹುಡುಗರು ವಾರಾನ್ನ ತಿಂದು ಕಲಿತ ಕಾಲ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೊಟ್ಟೆ ತುಂಬುತ್ತಿತ್ತು, ಆದರೆ ಜಾತಿ ನೋಡಿಯೇ ಬಾಗಿಲು ತೆರೆಯುತ್ತಿತ್ತು, ಯಾರ ಮುಂದೆ ತಟ್ಟೆ ಹಿಡಿಯಬೇಕು ಅನ್ನುವ ಮುಜುಗರವೂ ಇತ್ತು. ಮಠಗಳ, ಸಮುದಾಯಗಳ ಉಚಿತ ಹಾಸ್ಟೆಲ್‌ಗಳು ಬಂದ ಮೇಲೆ ಚಿತ್ರ ಬದಲಾಯಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಜಾತಿ ಭೇದ ಇಲ್ಲದೆ ಅಲ್ಲೇ ಉಂಡು, ಅಲ್ಲೇ ಮಲಗಿ ಓದುತ್ತಾರೆ. 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿ ಆ ದಾಸೋಹವನ್ನು ನಡೆಸಿದ್ದು ಭಕ್ತರು ಕೊಟ್ಟ ರಾಗಿ, ಅಕ್ಕಿ, ಬೇಳೆಯಿಂದ. ಹಳ್ಳಿಗಳಿಂದ ಧಾನ್ಯದ ಮೂಟೆಗಳು ಬರುತ್ತಿದ್ದವು. ಊಟ, ಸೂರು, ಶಾಲೆ ಮೂರೂ ಒಂದೇ ಅಂಗಳದಲ್ಲಿ. ಬೇರೆ ಬೇರೆ ಇಲಾಖೆಗಳ ಮೂರು ಫೈಲುಗಳಲ್ಲ. ಅದಕ್ಕೇ ಅಲ್ಲಿ ಕೆಲಸ ಆಗುತ್ತದೆ.

ಈಗ ತಂಗುದಾಣಕ್ಕೆ ಬರೋಣ. ಇಲ್ಲಿ ಮೂರೂ ಹರಿದು ಹಂಚಿಹೋಗಿವೆ.

2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ರಾತ್ರಿ, ಒಂದೇ ರಾತ್ರಿ. ದೇಶದಲ್ಲಿ 17.7 ಲಕ್ಷ ಜನ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಅನ್ನುವ ಲೆಕ್ಕ ಬಂತು. ಬೀದಿಯಲ್ಲಿ ಮಲಗುವವನು ಒಂದೇ ಕಡೆ ಇರುವುದಿಲ್ಲ. ಪೊಲೀಸರು ಎಬ್ಬಿಸಿದರೆ ಪಕ್ಕದ ಬೀದಿಗೆ ಹೋಗುತ್ತಾನೆ, ಮಳೆ ಬಂದರೆ ಫ್ಲೈಓವರ್ ಕೆಳಗೆ. ಹೆಂಗಸರು ಕತ್ತಲಲ್ಲಿ ಕಣ್ಣಿಗೆ ಬೀಳದ ಹಾಗೆ ಮರೆಯಾಗಿ ಮಲಗುತ್ತಾರೆ. ಒಂದು ರಾತ್ರಿಯ ಎಣಿಕೆಗೆ ಎಷ್ಟು ಜನ ಸಿಕ್ಕಾರು?

2013ರಲ್ಲಿ ಕೇಂದ್ರದ ನಗರ ಜೀವನೋಪಾಯ ಅಭಿಯಾನದಲ್ಲಿ ತಂಗುದಾಣದ ಯೋಜನೆಯೂ ಬಂತು. ಕಾಗದದ ಮೇಲೆ ಚೆನ್ನಾಗಿತ್ತು. ಒಂದು ತಂಗುದಾಣದಲ್ಲಿ ಕನಿಷ್ಠ 50 ಜನ, ಒಬ್ಬರಿಗೆ 50 ಚದರ ಅಡಿ ಜಾಗ, ನೀರು, ಶೌಚಾಲಯ, ಅಡುಗೆಗೆ ಜಾಗ. ಕಟ್ಟಡ ಪಾಲಿಕೆಯದು, ದುಡ್ಡು ಕೇಂದ್ರ-ರಾಜ್ಯದ್ದು, ನಡೆಸುವುದು ಯಾವುದಾದರೂ ಎನ್‌ಜಿಒ. ಬೆಂಗಳೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 2011ರಲ್ಲೇ ಸುಮಾರು 84 ಲಕ್ಷ ಇತ್ತು. ಲಕ್ಷಕ್ಕೊಂದು ಅಂದರೆ 84 ತಂಗುದಾಣ. ನಗರ ಆ ಸಂಖ್ಯೆಯನ್ನು ಮುಟ್ಟಲೇ ಇಲ್ಲ. ಈಗ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾಗಿವೆ, ಹೊಣೆ ಹೊರುವ ತಲೆಗಳಾದರೂ ಜಾಸ್ತಿಯಾದವು ಅಂತ ಸಮಾಧಾನ ಮಾಡಿಕೊಳ್ಳಬಹುದೇನೋ!

ಜಾಗದ ತೊಂದರೆಯೇ ಮೊದಲನೆಯದು. ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುವ ಹಮಾಲಿ ನಸುಕಿಗೆ ಮುಂಚೆಯೇ ಲಾರಿ ಹತ್ತಿರ ಇರಬೇಕು. ಅವನ ಹಾಸಿಗೆ ನಾಲ್ಕೈದು ಕಿಲೋಮೀಟರ್ ಆಚೆ ಇದ್ದರೆ ಅಲ್ಲಿಗೆ ಹೋಗುವ ಬಸ್ ಚಾರ್ಜು, ಬೆಳಿಗ್ಗೆ ಬೇಗ ಬರಲಾಗದೆ ಕಳೆದುಕೊಳ್ಳುವ ಕೂಲಿ, ಎರಡೂ ಅವನದೇ ನಷ್ಟ. ಅವನು ಹೋಗುವುದಿಲ್ಲ. ಆಗ ತಂಗುದಾಣ ಖಾಲಿ ಕಾಣುತ್ತದೆ, 'ನೋಡಿ, ಬೇಡಿಕೆಯೇ ಇಲ್ಲ' ಅಂತ ಅಧಿಕಾರಿ ಬರೆಯುತ್ತಾರೆ. ಗಂಡಸರ ಹಾಲ್‌ನಲ್ಲಿ ಸಂಸಾರ ಇರುವಂತಿಲ್ಲ, ಹೀಗಾಗಿ ಗಂಡ-ಹೆಂಡತಿ-ಮಕ್ಕಳು ಒಟ್ಟಿಗೆ ಇರಬೇಕೆಂದರೆ ಫುಟ್‌ಪಾತೇ ಗತಿ. ನಡೆಸುವ ಸಂಸ್ಥೆಗೆ ದುಡ್ಡು ತಡವಾದರೆ ಕೇರ್‌ಟೇಕರ್ ಸಂಬಳ ನಿಲ್ಲುತ್ತದೆ, ಸಂಬಳ ನಿಂತರೆ ಬಾಗಿಲಿಗೆ ಬೀಗ. ಶಾಲೆಯ ಊಟ ಒಂದು ದಿನ ನಿಂತರೆ ಸಂಜೆಯೊಳಗೆ ನೂರು ಮನೆಗಳಿಗೆ ಸುದ್ದಿ ಮುಟ್ಟುತ್ತದೆ. ತಂಗುದಾಣಕ್ಕೆ ಬೀಗ ಬಿದ್ದರೆ ಯಾರು ಕೇಳಬೇಕು?

ಇನ್ನೊಂದು ಕಾರಣ ಭಯ. ನೀವು ಆಸ್ತಿ ತೆರಿಗೆ ಕಟ್ಟುವವರಾದರೆ ರಸೀದಿ ತೆಗೆದು ನೋಡಿ, ಅದರಲ್ಲಿ ಭಿಕ್ಷುಕರ ಕರ ಅಂತ ಒಂದು ಇರುತ್ತದೆ, ತೆರಿಗೆಯ ಮೇಲೆ ಶೇ. 3ರಷ್ಟು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು ಅದು. ಆ ದುಡ್ಡಲ್ಲಿ ನಡೆಯುವುದು ನಿರಾಶ್ರಿತರ ಪರಿಹಾರ ಕೇಂದ್ರಗಳು. ಬೀದಿಯಲ್ಲಿ ಬೇಡುವವರನ್ನು ಹಿಡಿದು ತಂದು ಇಡುವ ಜಾಗ ಅದು. 2010ರಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತು ರಾಜ್ಯವೇ ಬೆಚ್ಚಿಬಿತ್ತು. ಬೀದಿಯ ಜನ ಇಂಥದ್ದನ್ನು ಮರೆಯುವುದಿಲ್ಲ. ತಂಗುದಾಣಕ್ಕೆ ಕರೆಯಲು ಬಂದ ವ್ಯಾನು ಯಾವುದು, ಹಿಡಿದುಕೊಂಡು ಹೋಗಲು ಬಂದ ವ್ಯಾನು ಯಾವುದು ಅಂತ ರಾತ್ರಿ ಹನ್ನೊಂದಕ್ಕೆ ಅವರಿಗೆ ಹೇಗೆ ಗೊತ್ತಾಗಬೇಕು? ಇಲ್ಲಿ ಸ್ಥಳೀಯ ಸಂಸ್ಥೆಗಳ ಕೆಲಸ ಊಟ ಕೊಡುವುದಕ್ಕಿಂತ ಕಷ್ಟದ್ದು. ಮುಖ ಪರಿಚಯ ಮಾಡಿಕೊಂಡು, ವಾರಗಟ್ಟಲೆ ಮಾತಾಡಿಸಿ, ನಂಬಿಕೆ ಗಳಿಸಿ ಕರೆತರಬೇಕು. ಅದನ್ನು ಟೆಂಡರ್ ಫಾರಂನಲ್ಲಿ ಬರೆಯಲು ಆಗುವುದಿಲ್ಲ, ಹೀಗಾಗಿ ಅದಕ್ಕೆ ದುಡ್ಡೂ ಇರುವುದಿಲ್ಲ.

ನಡುವೆ ಒಂದು ಒಳ್ಳೆಯ ಉದಾಹರಣೆ ಇಂದಿರಾ ಕ್ಯಾಂಟೀನ್. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಶುರುವಾಯಿತು, ತಿಂಡಿಗೆ ಐದು ರೂಪಾಯಿ, ಊಟಕ್ಕೆ ಹತ್ತು. ಅಲ್ಲಿ ಹೆಸರು ಕೇಳುವುದಿಲ್ಲ, ಕಾರ್ಡು ಕೇಳುವುದಿಲ್ಲ. ಟೋಕನ್ ತಗೊಂಡರೆ ತಟ್ಟೆ. ಹಾಜರಿ ಪುಸ್ತಕ ಇಲ್ಲದವರಿಗೆ ಟೋಕನ್ನೇ ಹಾಜರಿ. ಜನ ಓಡಾಡುವ ಕಡೆಯೇ ಕಟ್ಟಿದ್ದರಿಂದ ಗಾರೆ ಕೆಲಸದವರು, ಆಟೋದವರು, ಪೇಯಿಂಗ್ ಗೆಸ್ಟ್‌ನಲ್ಲಿರುವ ಹುಡುಗರು ಎಲ್ಲರೂ ಬಂದರು. ತಟ್ಟೆಯ ಲೆಕ್ಕ ಜಾಸ್ತಿ ತೋರಿಸುತ್ತಾರೆ, ಗುತ್ತಿಗೆದಾರರಿಗೆ ಬಿಲ್ ಬಾಕಿ ಅನ್ನುವ ದೂರುಗಳೂ ಬಂದವು. ಆದರೂ ಬೀದಿಯ ಜನರ ಕಾಲಿನ ದಾರಿ ನೋಡಿ ಜಾಗ ಆರಿಸಿದರೆ ಅವರು ಬಂದೇ ಬರುತ್ತಾರೆ ಅನ್ನುವುದು ಅಲ್ಲಿ ಗೊತ್ತಾಯಿತು. ತಂಗುದಾಣಗಳಿಗೂ ಇದೇ ಲೆಕ್ಕ ಹಾಕಬೇಕು: ಸರ್ಕಾರದ ಕಟ್ಟಡ ಎಲ್ಲಿ ಖಾಲಿ ಇದೆ ಅಂತಲ್ಲ, ಜನ ಎಲ್ಲಿ ಮಲಗುತ್ತಿದ್ದಾರೆ ಅಂತ.

ಹಸಿವು, ಸೂರು, ಓದು ಮೂರೂ ಒಂದೇ ಮಗುವಿನ ಮೇಲೆ ಬೀಳುವುದು ಗುಳೆ ಹೋಗುವ ಸಂಸಾರಗಳಲ್ಲಿ. ಸುಗ್ಗಿ ಮುಗಿದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಸ್ಸು, ರೈಲು ತುಂಬಿಕೊಂಡು ಬೆಂಗಳೂರಿಗೆ ಬರುತ್ತಾರೆ. ಅಪ್ಪ-ಅಮ್ಮ ಕಟ್ಟಡದ ಕೆಲಸಕ್ಕೆ, ಮಗು ತಗಡಿನ ಶೆಡ್ಡಿಗೆ. ಊರಿನ ಶಾಲೆಯ ಹಾಜರಿಯಲ್ಲಿ ಅದರ ಹೆಸರು ಇದೆ, ಮಗು ಇಲ್ಲ. ಇಲ್ಲಿನ ಶಾಲೆಯ ಪಕ್ಕದಲ್ಲೇ ಮಗು ಇದೆ, ಹಾಜರಿಯಲ್ಲಿ ಹೆಸರಿಲ್ಲ. ಅಲ್ಲಿಗೆ ಮೊಟ್ಟೆ, ಹಾಲು, ಸಮವಸ್ತ್ರ ಎಲ್ಲವೂ ಒಂದೇ ಏಟಿಗೆ ತಪ್ಪಿದವು. 55 ಲಕ್ಷದ ಲೆಕ್ಕ ಇಂಥ ಮಗುವಿನ ಮುಂದೆ ಬಂದು ನಿಂತುಬಿಡುತ್ತದೆ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು 2013ರಲ್ಲಿ ನಮ್ಮ ಹೈಕೋರ್ಟು ತಾನಾಗಿಯೇ ಕೈಗೆತ್ತಿಕೊಂಡಿತ್ತು. ಟೆಂಟ್ ಶಾಲೆಗಳು, ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿಯಲು ಹಾಸ್ಟೆಲ್‌ಗಳು ಅಲ್ಲಲ್ಲಿ ಇವೆ. ಹಾಸ್ಟೆಲ್ ಒಳ್ಳೆಯ ಉಪಾಯ, ಮಗುವಿನ ಹಾಜರಿ ತಪ್ಪುವುದಿಲ್ಲ. ಆದರೆ ಆರು ವರ್ಷದ ಮಗುವನ್ನು ಬಿಟ್ಟು ಬರಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಸಣ್ಣ ಮಕ್ಕಳಿಗೆ ಇಲ್ಲೇ, ಕೆಲಸದ ಜಾಗದ ಹತ್ತಿರದ ಶಾಲೆಯಲ್ಲೇ ಜಾಗ ಆಗಬೇಕು.

ಇದಕ್ಕೆ ದೊಡ್ಡ ಒಪ್ಪಂದ ಬೇಕಾಗಿಲ್ಲ. ನಿಮ್ಮ ಏರಿಯಾದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದ್ದರೆ ಅದರ ಹಿಂದೆ ಶೆಡ್ಡುಗಳೂ ಇರುತ್ತವೆ. ಅಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಹಗಲು ಹೊತ್ತು ಆಡುತ್ತಿದ್ದರೆ ಹತ್ತಿರದ ಸರ್ಕಾರಿ ಶಾಲೆಯ ಹೆಡ್ ಮಾಸ್ಟರಿಗೆ ಹೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಟಿಸಿ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತಲೂ ಇಲ್ಲ, ವರ್ಷದ ನಡುವೆ ಬಂದರು ಅಂತಲೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಈ ಮೂರನ್ನೂ ಸ್ಪಷ್ಟವಾಗಿ ಹೇಳಿದೆ. ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಬೇಕು ಅಂತಲೂ ಅದರಲ್ಲಿದೆ. ಇದು ಗೊತ್ತಿಲ್ಲದ ಶಾಲೆಗಳು ಇವೆ, ಗೊತ್ತಿದ್ದೂ ರಗಳೆ ಬೇಡ ಅನ್ನುವವೂ ಇವೆ. ಆಗ ಎಸ್‌ಡಿಎಂಸಿ ಅಧ್ಯಕ್ಷರನ್ನು ಹಿಡಿಯಿರಿ, ಅವರೂ ಅದೇ ಶಾಲೆಯ ಮಗುವಿನ ಅಪ್ಪನೋ ಅಮ್ಮನೋ ಆಗಿರುತ್ತಾರೆ. ಕಟ್ಟಡದ ಮಾಲೀಕರಿಗೂ ಒಂದು ಮಾತು ಹೇಳಿ: ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಒಂದು ಗಾಡಿ, ಅಷ್ಟು ಸಾಕು. ಗೇಟಿನ ಒಳಗೆ ಹೋದ ಮೇಲೆ ಹೆಸರು ಪುಸ್ತಕಕ್ಕೆ ಏರುತ್ತದೆ, ಮರುದಿನದಿಂದ ಅಡುಗೆಯವರು ಒಂದು ತಟ್ಟೆ ಜಾಸ್ತಿ ಇಡುತ್ತಾರೆ.